ಶುಶ್ರೂಷೆಯೂ ಆಡಳಿತವೂ: ಮಲೆನಾಡಿನ ಎರಡು ಕಾದಂಬರಿಗಳ ಪರಿಶೀಲನೆ

೧

ಶುಶ್ರೂಷೆ ಎಂಬ ಶಬ್ದವು ಕೇಳುವುದೆಂಬ ಅರ್ಥದ ‘ಶ್ರು’ ಧಾತುವಿನಿಂದ ಹುಟ್ಟಿದುದು. ಕೇಳಬೇಕೆಂಬ ಇಚ್ಛೆಯೇ ಅದರ ಮೂಲಾರ್ಥ. ಗುರುವಿನ ಮಾತನ್ನು ಕೇಳಬಯಸಿದ ಶಿಷ್ಯನು ಆತನ ಬಳಿಯಲ್ಲಿಯೇ ಇದ್ದು ಸೇವೆಮಾಡುವನಾದುದರಿಂದ ಕೇಳುವಿಕೆಯು ವಿಧೇಯತೆಯಾಯಿತು, ವಿಧೇಯತೆಯು ಸೇವೆಯಾಯಿತು, ಸೇವೆಯು ಕಡೆಗೆ ರೋಗಿಯ ಆರೈಕೆಯಾಯಿತು. ಈಗ ಕನ್ನಡದಲ್ಲಿ ಈ ಮಾತನ್ನು ಕೇಳಿದೊಡನೆ ಮನಸ್ಸಿಗೆ ಬರುವುದು ಹಾಸಿಗೆಯ ಬಳಿ ಬಾಗಿ ನಿಂತ ಹೆಂಗಸಿನ ಚಿತ್ರ. ಹತ್ತಾರು ಮಂದಿಗೆ ಕೆಲಸವನ್ನು ಹಂಚಿಕೊಟ್ಟು, ಅದು ನಡೆಯಿತೇ ಇಲ್ಲವೇ ಎಂದು ವಿಚಾರಿಸುವ ಒಬ್ಬ ಮುಖ್ಯಾಧಿಕಾರಿಯ ಚಿತ್ರವಲ್ಲ. ಇತ್ತೀಚಿನ ವರ್ಷಗಳಲ್ಲಿ ಸರಕಾರಿ ಆಸ್ಪತ್ರೆಗಳಲ್ಲಿ ‘ಶುಶ್ರೂಷಾಧಿಕಾರಿ’ ಎಂಬ ಸಮಾಸವು ಬಳಕೆಗೆ ಬಂದಿರುತ್ತದೆ. ಪೂರ್ವಪದವು ಪರರ ಮಾತನ್ನು ಕೇಳುವುದನ್ನು ಹೇಳಿದರೆ ಉತ್ತರಪದವು ಪರರಿಗೆ ಮಾತನ್ನು ಹೇಳುವುದನ್ನು ಸೂಚಿಸುವುದು. ಇವೆರಡೂ ಒಂದೇ ವ್ಯಕ್ತಿಯಲ್ಲಿ ಹೇಗೆ ಕೂಡಿ ನಿಲ್ಲಬೇಕು ಎಂಬುದೇ ಹಿರಿಯ ಶುಶ್ರೂಷಾ ಆಡಳಿತಗಾರರ ವಿದ್ಯೆಯ ಮೂಲಪ್ರಶ್ನೆ.

ಈ ಪ್ರಶ್ನೆಯು ಆಸ್ಪತ್ರೆಯವರಿಗೆ ಮಾತ್ರ ಸೇರಿದುದೆಂದು ಸಾಹಿತ್ಯಪರಿಶೀಲಕರು ಬಿಟ್ಟುಬಿಡುವಂತಿಲ್ಲ. ಒಂದು ಜನಾಂಗವು ಆರೈಕೆಯನ್ನೂ ಅಧಿಕಾರವನ್ನೂ ಹೇಗೆ ಭಾವಿಸುತ್ತದೆಂಬುದು ಅದರ ಕಥೆಗಳಲ್ಲಿಯೇ ಮೊದಲು ಕಾಣಬರುವುದು. ಸಾಗರ, ಹೊಸನಗರ, ತೀರ್ಥಹಳ್ಳಿಗಳ ಸೀಮೆಯು ಈ ವಿಚಾರಕ್ಕೆ ವಿಶೇಷವಾಗಿ ಒದಗಿಬರುತ್ತದೆ. ತೀರ್ಥಹಳ್ಳಿ ತಾಲ್ಲೂಕಿನ ಮೇಳಿಗೆಯಲ್ಲಿ ೧೯೩೨ರಲ್ಲಿ ಹುಟ್ಟಿದ ಯು. ಆರ್. ಅನಂತಮೂರ್ತಿಯವರ ‘ಸಂಸ್ಕಾರ’ (೧೯೬೫) ಮತ್ತು ತೀರ್ಥಹಳ್ಳಿಯಲ್ಲಿ ೧೯೧೭ರಲ್ಲಿ ಹುಟ್ಟಿದ ಎಂ. ಕೆ. ಇಂದಿರಾ ಅವರ ‘ಫಣಿಯಮ್ಮ’ (೧೯೭೬) ಎಂಬ ಕಾದಂಬರಿಗಳೆರಡರಲ್ಲಿಯೂ ರೋಗ, ಹೆರಿಗೆ, ಮರಣಗಳ ನಡುವೆ ಆರೈಕೆಮಾಡುವ ವ್ಯಕ್ತಿಯೇ ಕಥೆಯ ಕೇಂದ್ರದಲ್ಲಿರುವನು ಅಥವಾ ಇರುವಳು. ಇದೇ ಸೀಮೆಯನ್ನು ಆಳಿದ ಕೆಳದಿಯ ಅರಸರು ಆಡಳಿತವಿದ್ಯೆಯನ್ನು ಗ್ರಂಥಸ್ಥವಾಗಿಯೂ ಮಾಡಿಸಿಟ್ಟರು. ಆರೈಕೆಯ ಕಥೆ ಒಂದೆಡೆ, ಆಡಳಿತದ ಶಾಸ್ತ್ರ ಇನ್ನೊಂದೆಡೆ ಇರಲು, ಇವೆರಡೂ ಏಕೆ ಕೂಡಲಿಲ್ಲವೆಂಬುದು ವಿಚಾರಣೀಯವಾಗಿದೆ.

೨

ಮೊದಲು ಅಳತೆಗೋಲುಗಳನ್ನು ನಿರ್ಣಯಿಸಿಕೊಳ್ಳಬೇಕು. ಚರಕಸಂಹಿತೆಯ ಸೂತ್ರಸ್ಥಾನವು ಚಿಕಿತ್ಸೆಗೆ ನಾಲ್ಕು ಪಾದಗಳನ್ನು ಹೇಳುವುದು: ವೈದ್ಯ, ಔಷಧದ್ರವ್ಯ, ಉಪಸ್ಥಾತೃ, ರೋಗಿ. ಉಪಸ್ಥಾತೃವೆಂದರೆ ಬಳಿಯಲ್ಲಿದ್ದು ಉಪಚರಿಸುವವನು. ಈತನಿಗೆ ನಾಲ್ಕು ಗುಣಗಳಿರಬೇಕು: ಉಪಚಾರದ ಅರಿವು, ದಾಕ್ಷ್ಯ, ಅನುರಾಗ, ಶುಚಿತ್ವ. ಅರಿವನ್ನೂ ಕೌಶಲವನ್ನೂ ಅನುರಾಗದ ಜತೆಗೇ ಎಣಿಸಿರುವುದು ಗಮನಾರ್ಹ. ಪ್ರೀತಿಯೊಂದಿದ್ದರೆ ಸಾಕೆಂಬ ಭಾವನೆಗೆ ಇಲ್ಲಿ ಎಡೆಯಿಲ್ಲ. ಆದರೆ ಅದೇ ಪ್ರಕರಣವು ಅರಿಯುವವನೂ ಆಜ್ಞಾಪಿಸುವವನೂ ಉಳಿದವರನ್ನು ಕಾರ್ಯದಲ್ಲಿ ತೊಡಗಿಸುವವನೂ ವೈದ್ಯನೇ ಎಂದು ಹೇಳಿ ಆತನಿಗೆ ಪ್ರಾಧಾನ್ಯವನ್ನು ಕೊಡುತ್ತದೆ. ಹೀಗೆ ಉಪಚಾರಕನಿಗೆ ಗುಣಗಳು ಸಂದುವು, ಆಜ್ಞೆ ಸಲ್ಲಲಿಲ್ಲ.

ಎರಡನೆಯ ಅಳತೆಗೋಲು ಫ್ಲಾರೆನ್ಸ್ ನೈಟಿಂಗೇಲಳದು. ಕ್ರಿಮಿಯಾ ಯುದ್ಧದಲ್ಲಿ ೧೮೫೪ರಿಂದ ಗಾಯಾಳುಗಳ ಆರೈಕೆಯನ್ನು ನಡೆಸಿದ ಈಕೆಯು ೧೮೫೯ರಲ್ಲಿ ಶುಶ್ರೂಷೆಯನ್ನು ಕುರಿತು ಬರೆದ ಪುಸ್ತಕದಲ್ಲಿ ಸಣ್ಣಪುಟ್ಟ ವಿಷಯಗಳ ಆಡಳಿತಕ್ಕೆಂದೇ ಒಂದು ಅಧ್ಯಾಯವನ್ನು ಮೀಸಲಿಟ್ಟಳು. ಅದರ ತಾತ್ಪರ್ಯವಿಷ್ಟು: ಉಪಚಾರವು ಎಷ್ಟೇ ಚೆನ್ನಾಗಿರಲಿ, ತಾನು ಇದ್ದಾಗ ಮಾಡುವುದನ್ನು ತಾನು ಇಲ್ಲದಾಗಲೂ ನಡೆಯುವಂತೆ ಏರ್ಪಡಿಸದಿದ್ದರೆ ಅದು ಕೆಡುವುದು, ಹೊಣೆ ಹೊರುವುದೆಂದರೆ ತಾನು ಸರಿಯಾಗಿ ಮಾಡುವುದು ಮಾತ್ರವಲ್ಲ, ಇತರರೂ ಸರಿಯಾಗಿ ಮಾಡುವಂತೆ ನೋಡಿಕೊಳ್ಳುವುದು. ಈ ಕಾಲದ ಹಿರಿಯ ಶುಶ್ರೂಷಾ ಆಡಳಿತಗಾರರಿಗೆ ಕಲಿಸುವ ಪಾಳಿಯ ವ್ಯವಸ್ಥೆ, ಕೆಲಸದ ಹಸ್ತಾಂತರ, ದಾಖಲೆ, ಸಾಮಗ್ರಿಯ ಲೆಕ್ಕ, ಕಿರಿಯರ ಶಿಕ್ಷಣ ಮುಂತಾದವೆಲ್ಲವೂ ಈ ಒಂದು ಮಾತಿನ ವಿಸ್ತಾರವೇ ಎಂದು ಹೇಳಬಹುದು.

ಇವೆರಡಕ್ಕೂ ಮೂರನೆಯದೊಂದನ್ನು ಸೇರಿಸಬೇಕು. ಮೈಸೂರಿನಲ್ಲಿ ಆರ್. ಶಾಮಶಾಸ್ತ್ರಿಗಳು ೧೯೦೯ರಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರವು ರಾಜನಿಗೆ ಇರಬೇಕಾದ ಪ್ರಜ್ಞಾಗುಣಗಳನ್ನು ಪಟ್ಟಿಮಾಡುವಾಗ ಶುಶ್ರೂಷೆಯನ್ನೇ ಮೊದಲು ಹೇಳಿ, ಶ್ರವಣ, ಗ್ರಹಣ, ಧಾರಣ ಮೊದಲಾದವುಗಳನ್ನು ಅದರ ಹಿಂದೆ ಇರಿಸಿದೆ. ಎಂದರೆ ಕೇಳುವ ಇಚ್ಛೆಯು ಸೇವಕನ ಲಕ್ಷಣವಾಗುವಂತೆಯೇ ಒಡೆಯನ ಲಕ್ಷಣವೂ ಆಗಿತ್ತು. ಕನ್ನಡದ ಬಳಕೆಯಲ್ಲಿ ಈ ಎರಡನೆಯ ಅರ್ಥವು ಮಸುಳಿಹೋಗಿ ಮೊದಲನೆಯದು ಮಾತ್ರ ಉಳಿದುದು ಶಬ್ದಾರ್ಥದ ಒಂದು ನಷ್ಟವಷ್ಟೇ ಅಲ್ಲವೆಂಬುದು ಮುಂದೆ ಗೊತ್ತಾಗುವುದು.

೩

ಈ ಸೀಮೆಗೆ ಆಡಳಿತದ ವಿದ್ಯೆ ಹೊಸದಲ್ಲ. ಕೆಳದಿಯ ಅರಸರ ರಾಜಧಾನಿಯು ಮೊದಲು ಇಂದಿನ ಸಾಗರ ತಾಲ್ಲೂಕಿನ ಕೆಳದಿ, ಇಕ್ಕೇರಿಗಳಲ್ಲಿದ್ದು, ಬಳಿಕ ಹೊಸನಗರ ತಾಲ್ಲೂಕಿಗೆ ಸೇರಿದ ಬಿದನೂರಿಗೆ ಹೋಯಿತು; ೧೭೬೩ರಲ್ಲಿ ಹೈದರಾಲಿಯು ಅದನ್ನು ಗೆದ್ದನು. ಈ ವಂಶದ ಚೆನ್ನಮ್ಮಾಜಿಯು ಪತಿಯ ಮರಣಾನಂತರ ೧೬೭೨ರ ಸುಮಾರಿನಿಂದ ಇಪ್ಪತ್ತೈದು ವರ್ಷಗಳ ಕಾಲ ರಾಜ್ಯವನ್ನು ಆಳಿದಳು. ಔರಂಗಜೇಬನ ಸೈನ್ಯಕ್ಕೆ ಹೆದರದೆ ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯವಿತ್ತುದು ಪ್ರಸಿದ್ಧವಾದ ಸಂಗತಿ. ಆದರೆ ಪ್ರಕೃತ ವಿಚಾರಕ್ಕೆ ಹೆಚ್ಚು ಮುಖ್ಯವಾದುದು ಆಕೆಯು ಬಸವಪ್ಪನಾಯಕನನ್ನು ದತ್ತು ತೆಗೆದುಕೊಂಡು ಮುಂದಿನ ಆಳ್ವಿಕೆಗೆ ಸಿದ್ಧಪಡಿಸಿದುದು. ಆತನೇ ೧೭೦೯ರಲ್ಲಿ ರಾಜನೀತಿ, ಸಂಗೀತ, ಪಾಕಶಾಸ್ತ್ರ, ವೈದ್ಯ ಮುಂತಾದ ಅನೇಕ ವಿದ್ಯೆಗಳನ್ನು ಒಳಗೊಂಡ ‘ಶಿವತತ್ತ್ವರತ್ನಾಕರ’ವೆಂಬ ಒಂಬತ್ತು ಕಲ್ಲೋಲಗಳ ಸಂಸ್ಕೃತ ವಿಶ್ವಕೋಶದ ಕರ್ತೃವಾದನು. ರಾಜ್ಯಭಾರವೆಂಬುದು ಹುಟ್ಟುಗುಣವಲ್ಲ, ಪಾಕದಂತೆ, ವೈದ್ಯದಂತೆ ಕಲಿತು ಕಲಿಸಬಹುದಾದ ವಿದ್ಯೆ ಎಂಬ ನಂಬಿಕೆಯು ಇಂಥ ಗ್ರಂಥದ ರಚನೆಯಲ್ಲಿಯೇ ಅಡಗಿದೆ.

ಇದಕ್ಕೂ ಹಿಂದಿನ ನಿದರ್ಶನವೊಂದು ನೆರೆಯ ಶಿಕಾರಿಪುರ ತಾಲ್ಲೂಕಿನಲ್ಲಿ ದೊರೆಯುವುದು. ಹತ್ತನೆಯ ಶತಮಾನದ ಆದಿಭಾಗದ ಶಾಸನವೊಂದರಂತೆ ನಾಗರಖಂಡ ಎಪ್ಪತ್ತರ ನಾಳ್ಗಾವುಂಡನಾಗಿದ್ದ ಸತ್ತರಸ ನಾಗಾರ್ಜುನನು ತೀರಿಕೊಳ್ಳಲು ಆತನ ಪತ್ನಿ ಜಕ್ಕಿಯಬ್ಬೆಯು ಆ ಪದವಿಯನ್ನು ವಹಿಸಿ ನಾಡನ್ನು ಆಳಿದಳು. ರೋಗವು ದೇಹವನ್ನು ಬಾಧಿಸಲು ಮಗಳನ್ನು ಕರೆಯಿಸಿ ತನ್ನದನ್ನು ಆಕೆಗೆ ಒಪ್ಪಿಸಿ, ಬಂದಣಿಕೆಯಲ್ಲಿ ವ್ರತದಿಂದ ದೇಹವನ್ನು ಬಿಟ್ಟಳು. ಸಾಯುವ ಮುನ್ನ ಹೊಣೆಯನ್ನು ಹಸ್ತಾಂತರಿಸಿದುದನ್ನು ಶಾಸನವು ಸ್ತುತ್ಯರ್ಹವೆಂದು ಭಾವಿಸಿರುವುದು. ಅದೇ ತಾಲ್ಲೂಕಿನ ಬಳ್ಳಿಗಾವೆಯ ಕೋಡಿಯಮಠದ ೧೧೬೨ರ ಶಾಸನವು ಆ ಮಠವನ್ನು ದೀನರಿಗೆ ಅನ್ನವೂ ರೋಗಿಗಳಿಗೆ ಔಷಧವೂ ದೊರೆಯುವ ಸ್ಥಾನವೆಂದು ಹೊಗಳುತ್ತದೆ. ಆ ಹೊಗಳಿಕೆಯಲ್ಲಿ ಸ್ಥಾನಕ್ಕೆ ಕೀರ್ತಿಯಿದೆ. ಔಷಧವನ್ನು ಕುಡಿಸಿದ ಕೈಗಳಿಗೆ ಹೆಸರಿಲ್ಲ. ಆಳುವ ಹೆಣ್ಣಿಗೆ ಶಾಸನವುಂಟು, ಉಪಚರಿಸುವವರಿಗೆ ಇಲ್ಲ. ಹೀಗೆ ಅಧಿಕಾರದ ಪರಂಪರೆಯೂ ಆರೈಕೆಯ ಪರಂಪರೆಯೂ ಒಂದೇ ನೆಲದಲ್ಲಿ ಬೇರೆ ಬೇರೆಯಾಗಿ ಹರಿದು ಬಂದುವು. ಇಪ್ಪತ್ತನೆಯ ಶತಮಾನದ ಕಾದಂಬರಿಗಳಿಗೆ ಈ ಒಡಕು ದಾಯವಾಗಿ ಬಂದಿತು.

೪

‘ಸಂಸ್ಕಾರ’ವನ್ನು ಕುರಿತ ವಿಮರ್ಶೆಯು ಬಹುಮಟ್ಟಿಗೆ ಧರ್ಮಸಂಕಟ, ಕಾಮ, ಜಾತಿ, ವ್ಯಕ್ತಿಯ ಅಂತರಂಗದ ಮಥನ ಇವುಗಳ ಸುತ್ತ ಬೆಳೆದಿದೆ. ಅದು ಯುಕ್ತವೇ. ಆದರೆ ಕಥೆಯ ಹೊರಗಿನ ಚೌಕಟ್ಟು ಒಂದು ಸಾಂಕ್ರಾಮಿಕ ರೋಗದ ಚರಿತ್ರೆಯೆಂಬುದನ್ನು ಮರೆಯಬಾರದು. ಶಿವಮೊಗ್ಗೆಯಿಂದ ಜ್ವರ ತಂದುಕೊಂಡ ನಾರಣಪ್ಪನು ದೂರ್ವಾಸಪುರದ ಅಗ್ರಹಾರದಲ್ಲಿ ಸಾಯುವನು. ಹೆಣವೆತ್ತುವ ತನಕ ಅಗ್ರಹಾರದವರಿಗೆ ಊಟವಿಲ್ಲ. ಅದನ್ನು ಯಾರು ಸಂಸ್ಕರಿಸಬೇಕೆಂಬುದಕ್ಕೆ ನಿರ್ಣಯವಿಲ್ಲ. ಇಲಿಗಳು ಬಿದ್ದು ಸಾಯುತ್ತಿರುವುದರ ಅರ್ಥ ಯಾರಿಗೂ ಹೊಳೆಯುವುದಿಲ್ಲ. ಎಲ್ಲರ ಕಣ್ಣೂ ಪ್ರಾಣೇಶಾಚಾರ್ಯರ ಮೇಲೆ.

ಪ್ರಾಣೇಶಾಚಾರ್ಯರು ಕನ್ನಡ ಕಾದಂಬರಿಯಲ್ಲಿ ಅಪೂರ್ವರಾದ ಉಪಚಾರಕರು. ರೋಗಿಷ್ಠೆಯಾದ ಭಾಗೀರಥಿಯನ್ನು ಮದುವೆಯಾದಂದಿನಿಂದ ದಿನದಿನವೂ ಸ್ನಾನ ಮಾಡಿಸಿ, ಗಂಜಿಯನ್ನು ಉಣಿಸಿ, ಔಷಧವನ್ನು ಕುಡಿಸುವ ಗಂಡಸು ಅವರು. ಚರಕನು ಹೇಳುವ ಅರಿವು, ದಾಕ್ಷ್ಯ, ಶುಚಿತ್ವಗಳಲ್ಲಿ ಕೊರತೆಯಿಲ್ಲ. ಸಂಶಯಕ್ಕೆ ಎಡೆಯಿರುವುದು ಅನುರಾಗವೊಂದರಲ್ಲಿಯೇ. ಏಕೆಂದರೆ ಈ ಸೇವೆಯು ಅವರಿಗೆ ಮೋಕ್ಷಸಾಧನೆಯ ದಾರಿ. ರೋಗಿಯು ಆ ದಾರಿಯ ಸೋಪಾನ. ಭಾಗೀರಥಿಯ ಬೇಗೆಗಿಂತ ತಮ್ಮ ತ್ಯಾಗದ ಪರಿಪಾಕವೇ ಅವರ ಮನಸ್ಸಿನಲ್ಲಿ ಮುಂದಾಗಿರುವುದನ್ನು ಕಾದಂಬರಿಕಾರರು ನಿಷ್ಠುರವಾಗಿ ತೋರಿಸಿದ್ದಾರೆ. ಆರೈಕೆಯು ಆರೈಕೆಮಾಡುವವನ ಪುಣ್ಯವಾದಾಗ ಅದನ್ನು ಇತರರಿಗೆ ಹಂಚಲಾಗುವುದಿಲ್ಲ. ಪುಣ್ಯವನ್ನು ಯಾರೂ ಪಾಳಿಯ ಮೇಲೆ ಮಾಡಲಾರರಷ್ಟೆ.

ಇದೇ ದೋಷವು ಅಗ್ರಹಾರದ ನಾಯಕತ್ವದಲ್ಲಿಯೂ ಕಾಣಬರುವುದು. ಉತ್ತರಕ್ಕಾಗಿ ಅವರು ಗ್ರಂಥಗಳನ್ನು ಹುಡುಕುವರು. ಅಲ್ಲಿ ಸಿಗದಿರಲು ಮಾರುತಿಯ ಗುಡಿಯಲ್ಲಿ ಪ್ರಸಾದಕ್ಕಾಗಿ ಕಾಯುವರು. ಎಲ್ಲವನ್ನೂ ತಾವೇ ಮಾಡುವರು. ಯಾರಿಗೂ ಏನನ್ನೂ ಒಪ್ಪಿಸಿಹೋಗುವುದಿಲ್ಲ. ಹೀಗಿರಲಾಗಿ, ಅವರು ಅಡವಿಯಲ್ಲಿ ಕಳೆದ ಆ ಒಂದು ರಾತ್ರಿ ಅಗ್ರಹಾರದಲ್ಲಿ ಹೊಣೆಯೆಂಬುದೇ ಇಲ್ಲವಾಗುತ್ತದೆ. ನೈಟಿಂಗೇಲಳ ಪ್ರಶ್ನೆಯನ್ನು ಇಲ್ಲಿಟ್ಟು ನೋಡಿದರೆ ಉತ್ತರವು ಸ್ಪಷ್ಟವಾಗಿದೆ: ನಾಯಕನಿಲ್ಲದಾಗ ನಡೆಯಬೇಕಾದುದು ನಡೆಯಲಿಲ್ಲ, ನಡೆದುದು ನಾಯಕನಿಗೆ ತಿಳಿಯಲಿಲ್ಲ.

ಆ ರಾತ್ರಿ ಕೆಲಸಮಾಡಿದವಳು ಚಂದ್ರಿ. ಯಾವ ಪದವಿಯೂ ಇಲ್ಲದ, ಅಗ್ರಹಾರವು ಹೀನಳೆಂದೆಣಿಸಿದ ಈ ಹೆಂಗಸು ಅಹಮದ್ ಬ್ಯಾರಿಯ ನೆರವಿನಿಂದ ಹೆಣವನ್ನು ಗಾಡಿಯಲ್ಲಿ ಸಾಗಿಸಿ ಸುಡಿಸಿ, ಯಾರಿಗೂ ಹೇಳದೆ ಕುಂದಾಪುರದತ್ತ ಹೊರಟುಹೋಗುವಳು. ಇತ್ತ ಬ್ರಾಹ್ಮಣರು ಸುಟ್ಟುಹೋದ ಹೆಣವನ್ನು ಕುರಿತು ಊರೂರು ಅಲೆದು, ಮಠದವರೆಗೂ ಹೋಗಿ ನಿರ್ಣಯ ಕೇಳುತ್ತಿರುವರು. ಇದನ್ನು ವಿಧಿಯ ವ್ಯಂಗ್ಯವೆಂದು ವಾಚಕರು ಮೆಚ್ಚುವುದುಂಟು. ಆದರೆ ಇದು ಆಡಳಿತದ ಒಂದು ಸಾಮಾನ್ಯ ರೋಗದ ನಿಷ್ಕೃಷ್ಟ ಚಿತ್ರವೂ ಹೌದು: ಕೆಲಸ ಮಾಡಬಲ್ಲವರಿಗೆ ಹೇಳುವ ಅಧಿಕಾರವಿಲ್ಲ, ಹೇಳುವ ಅಧಿಕಾರವುಳ್ಳವರಿಗೆ ಕೇಳುವ ಇಚ್ಛೆಯಿಲ್ಲ. ಚಂದ್ರಿಯ ಮಾತನ್ನು ಕೇಳುವ ವ್ಯವಸ್ಥೆಯೊಂದು ಇದ್ದಿದ್ದರೆ ಕಥೆಯು ಬೇರೆಯಾಗುತ್ತಿತ್ತು.

ರೋಗದ ಹೆಸರು ಪಾರಿಜಾತಪುರದ ಮಂಜಯ್ಯನಿಗೆ ಹೊಳೆಯುವುದು. ಶಿವಮೊಗ್ಗೆಯಲ್ಲಿ ಪ್ಲೇಗು ಕಾಣಿಸಿಕೊಂಡ ವರ್ತಮಾನವನ್ನು ಪತ್ರಿಕೆಯಲ್ಲಿ ಓದಿ, ಸಾಯುತ್ತಿರುವ ಇಲಿಗಳನ್ನೂ ಸತ್ತ ಮನುಷ್ಯರನ್ನೂ ಅದಕ್ಕೆ ಹೊಂದಿಸಿ, ಮುನಿಸಿಪಾಲಿಟಿಗೆ ತಿಳಿಸಬೇಕು, ಡಾಕ್ಟರನ್ನು ಕರೆಯಬೇಕು, ಚುಚ್ಚುಮದ್ದು ಹಾಕಿಸಬೇಕು ಎಂದು ಯೋಚಿಸುವ ವ್ಯವಹಾರಜ್ಞನು ಆತನೊಬ್ಬನೇ. ಕಾದಂಬರಿಯು ಈತನಿಗೆ ಕೊಟ್ಟಿರುವ ಎಡೆ ಬಹು ಸಣ್ಣದು. ವಾಚಕರ ಲಕ್ಷ್ಯವೂ ಆಚಾರ್ಯರ ಅಂತರಂಗದ ಕಡೆಗೆ ಹರಿದುಹೋಗುವುದರಿಂದ ಮಂಜಯ್ಯನು ಬೇಗ ಮರೆತುಹೋಗುವನು. ಭಾಗೀರಥಿಯೂ ಆ ಜ್ವರದಿಂದಲೇ ಸತ್ತಳೆಂಬುದನ್ನು ಇದರೊಡನೆ ಇಟ್ಟು ನೋಡಬೇಕು. ಅಷ್ಟು ವರ್ಷಗಳ ನಿಷ್ಠೆಯ ಉಪಚಾರವು ಕಾಪಾಡಿಕೊಂಡು ಬಂದ ಜೀವವನ್ನು, ಸಕಾಲದಲ್ಲಿ ಯಾರೂ ಕೇಳದ ಒಂದು ಪ್ರಶ್ನೆಯು ಕೊಂಡೊಯ್ದಿತು.

೫

‘ಫಣಿಯಮ್ಮ’ನಲ್ಲಿ ಚಿತ್ರವು ಇದಕ್ಕೆ ವಿಪರ್ಯಾಸವಾಗಿದೆ. ಬಾಲ್ಯದಲ್ಲಿಯೇ ವಿಧವೆಯಾದ ಫಣಿಯಮ್ಮನು ತೀರ್ಥಹಳ್ಳಿಯ ಕಡೆಯ ಹೆಬ್ಬಲಿಗೆಯ ದೊಡ್ಡ ಕೂಡುಕುಟುಂಬದಲ್ಲಿ ನೂರು ವರ್ಷಗಳಿಗೂ ಮೀರಿದ ಆಯುಸ್ಸನ್ನು ಇತರರ ಆರೈಕೆಯಲ್ಲಿ ಕಳೆಯುವಳು. ಬಸುರಿ ಬಾಣಂತಿಯರ ಉಪಚಾರ, ಮಕ್ಕಳ ಪಾಲನೆ, ರೋಗಿಗಳ ಸೇವೆ, ಎಲ್ಲಕ್ಕೂ ಆಕೆಯೇ. ಮುಟ್ಟಬಾರದೆಂದು ಸಂಪ್ರದಾಯವು ವಿಧಿಸಿದ್ದ ಕೇರಿಯ ಹೆಣ್ಣೊಬ್ಬಳ ಕಷ್ಟದ ಹೆರಿಗೆಗೂ ಆಕೆಯ ಕೈ ಒದಗುವುದು. ತರುಣ ವಿಧವೆ ದಾಕ್ಷಾಯಿಣಿಯು ಕೇಶಮುಂಡನಕ್ಕೆ ಒಪ್ಪದಿರಲು ಈಕೆ ಅವಳ ಪರವಾಗಿ ನಿಲ್ಲುವಳು.

ಪ್ರಾಣೇಶಾಚಾರ್ಯರಲ್ಲಿ ಸಂದೇಹಾಸ್ಪದವಾಗಿದ್ದ ಅನುರಾಗವು ಇಲ್ಲಿ ಪೂರ್ಣವಾಗಿದೆ. ಚರಕನ ನಾಲ್ಕು ಗುಣಗಳೂ ಕೂಡಿದ ಉಪಚಾರಕಿಯನ್ನು ಕನ್ನಡ ಕಾದಂಬರಿಯಲ್ಲಿ ಹುಡುಕುವವರು ಈಕೆಯ ಬಳಿಗೇ ಬರಬೇಕು. ಕೇಳುವ ಇಚ್ಛೆಯೂ ಆಕೆಯಲ್ಲಿ ಅಸಾಧಾರಣವಾಗಿದೆ. ಮಾತು ಕಡಿಮೆಯಾದುದರಿಂದಲೇ ಮನೆಯ ಹೆಂಗಸರ ನೋವು ಆಕೆಗೆ ಕೇಳಿಸುವುದು. ಆದರೆ ಆಕೆಗೆ ಪದವಿಯಿಲ್ಲ. ಮನೆಯ ಆಗುಹೋಗುಗಳನ್ನು ಆಕೆ ಬಲ್ಲಳು, ನಡೆಸುವಳು, ನಿರ್ಣಯಿಸುವವರು ಬೇರೆ. ದಾಕ್ಷಾಯಿಣಿಯ ಪ್ರಸಂಗದಲ್ಲಿ ಆಕೆಯ ಮಾತಿಗೆ ತೂಕ ಬರುವುದು ವಯಸ್ಸಿನಿಂದ, ತಪಸ್ಸಿನಿಂದ. ಅರಿವಿಗೆ ಸಂದ ಅಧಿಕಾರದಿಂದಲ್ಲ.

ಲೇಖಕಿಯವರು ಈಕೆಯನ್ನು ಸಂತಳಂತೆ ಚಿತ್ರಿಸಿರುವುದು ಕೃತಿಯ ಶಕ್ತಿಯೂ ಹೌದು, ಮಿತಿಯೂ ಹೌದು. ಸಂತಳನ್ನು ಪೂಜಿಸಬಹುದು, ಆಕೆಯಿಂದ ಕೆಲಸವನ್ನು ಕಲಿಯುವುದು ಕಷ್ಟ. ಫಣಿಯಮ್ಮನ ಕೈಯ ತಿಳಿವಳಿಕೆಯನ್ನು ಪಡೆದು ಮುಂದುವರಿಸುವ ಶಿಷ್ಯೆಯೊಬ್ಬಳು ಕಥೆಯಲ್ಲಿ ಪ್ರಧಾನಳಾಗಿ ಬರುವುದಿಲ್ಲ. ಜಕ್ಕಿಯಬ್ಬೆಯು ಮಗಳನ್ನು ಕರೆಯಿಸಿದಳು, ಚೆನ್ನಮ್ಮಾಜಿಯು ಬಸವಪ್ಪನನ್ನು ಸಿದ್ಧಪಡಿಸಿದಳು. ಫಣಿಯಮ್ಮನಿಗೆ ಉತ್ತರಾಧಿಕಾರಿಯಿಲ್ಲ, ಏಕೆಂದರೆ ಆಕೆ ಮಾಡಿದುದನ್ನು ಅಧಿಕಾರವೆಂದು ಯಾರೂ ಕರೆಯಲಿಲ್ಲ. ಹೆಸರಿಲ್ಲದ ಪದವಿಗೆ ಹಸ್ತಾಂತರವೆಂಬುದೂ ಇಲ್ಲ.

ಹೆಸರಿಗೆ ಕನ್ನಡದಲ್ಲಿ ಬಡತನವಿತ್ತೆಂದೂ ಹೇಳಲಾಗದು. ಹಳೆಯ ಶಾಸನಗಳ ‘ಪೆರ್ಗಡೆ’ಯು ಆಡಳಿತಾಧಿಕಾರಿ, ‘ಮನೆವೆರ್ಗಡೆ’ಯು ಅರಮನೆಯ ಮೇಲ್ವಿಚಾರಕ. ಅದೇ ಶಬ್ದವು ಹೆಗ್ಗಡೆಯಾಗಿ, ಸ್ತ್ರೀಲಿಂಗದಲ್ಲಿ ಹೆಗ್ಗಡಿತಿಯಾಗಿ ಈ ಸೀಮೆಯ ಮನೆಮಾತಿನಲ್ಲಿ ನಿಂತು, ಕುವೆಂಪು ಅವರ ೧೯೩೬ರ ಕಾದಂಬರಿಯ ಹೆಸರಿನ ಮೂಲಕ ನಾಡಿಗೆಲ್ಲ ಪರಿಚಿತವಾಯಿತು. ಆದರೆ ಹೆಗ್ಗಡಿತಿಯೆಂದರೆ ಹೆಗ್ಗಡೆಯ ಹೆಂಡತಿಯೆಂಬ ಅರ್ಥವೇ ಬಲವಾಗಿ, ಮೇಲ್ವಿಚಾರಣೆಯೆಂಬ ಅರ್ಥವು ಹಿಂದೆ ಸರಿಯಿತು. ಶುಶ್ರೂಷೆಯೆಂಬ ಶಬ್ದವು ತನ್ನ ರಾಜಗುಣವನ್ನು ಕಳೆದುಕೊಂಡಂತೆಯೇ ಇದೂ ನಡೆದಿದೆ.

೬

ಕಾದಂಬರಿಯನ್ನು ಆಡಳಿತದ ಕೈಪಿಡಿಯಂತೆ ಓದುವುದು ಅರಸಿಕತೆಯಲ್ಲವೇ ಎಂಬ ಆಕ್ಷೇಪವು ಬರಬಹುದು. ಕಾದಂಬರಿಕಾರರು ಪಾಳಿಯ ಪಟ್ಟಿಯನ್ನು ಬರೆಯಬೇಕಾಗಿತ್ತೆಂದು ಇಲ್ಲಿ ಯಾರೂ ಹೇಳುತ್ತಿಲ್ಲ. ‘ಸಂಸ್ಕಾರ’ದ ವಸ್ತುವೇ ನಿರ್ಣಯಿಸುವವರು ಯಾರೆಂಬುದು, ‘ಫಣಿಯಮ್ಮ’ನ ವಸ್ತುವೇ ಸೇವೆಗೆ ಸಲ್ಲುವ ಗೌರವ ಯಾವುದೆಂಬುದು. ಪ್ರಶ್ನೆಯನ್ನು ಕೃತಿಗಳೇ ಎತ್ತಿವೆ. ಅದನ್ನು ಕೇಳಿಸಿಕೊಳ್ಳದೆ ಆಚಾರ್ಯರ ಅಂತರಂಗವನ್ನೂ ಫಣಿಯಮ್ಮನ ತ್ಯಾಗವನ್ನೂ ಮಾತ್ರ ಹೊಗಳಿದುದು ವಿಮರ್ಶೆಯ ಕೊರತೆ. ಆಡಳಿತವು ಅನುರಾಗವನ್ನು ಒಣಗಿಸುತ್ತದೆಂಬ ಇನ್ನೊಂದು ಆಕ್ಷೇಪಕ್ಕೆ ಚರಕನ ಪಟ್ಟಿಯೇ ಉತ್ತರ: ದಾಕ್ಷ್ಯವೂ ಅನುರಾಗವೂ ಅಲ್ಲಿ ಒಂದೇ ಸಾಲಿನಲ್ಲಿವೆ.

ಈ ಕೊರತೆಯ ಫಲವು ಪುಸ್ತಕಗಳಲ್ಲಿಯೇ ನಿಲ್ಲುವುದಿಲ್ಲ. ೧೯೫೭ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳ ಸಾವಿನೊಡನೆ ಮೊದಲು ಗುರುತಿಸಲ್ಪಟ್ಟ ಮಂಗನ ಕಾಯಿಲೆಯು ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳಲ್ಲಿ ಮತ್ತೆ ಮತ್ತೆ ಕಾಣಿಸಿಕೊಂಡಿದೆ. ೨೦೧೮ರ ಕೊನೆಯಲ್ಲಿಯೂ ೨೦೧೯ರಲ್ಲಿಯೂ ಸಾಗರ ತಾಲ್ಲೂಕಿನ ಅರಲಗೋಡಿನ ಸುತ್ತ ಜೀವಗಳನ್ನು ತೆಗೆದುಕೊಂಡಿತು. ಕಾಡಿನ ಉಣುಗುಗಳಿಂದ ಹರಡುವ ಈ ಜ್ವರಕ್ಕೆ ನಿರ್ದಿಷ್ಟವಾದ ಔಷಧವಿಲ್ಲ. ದೇಹದ ನೀರನ್ನು ಕಾಯ್ದುಕೊಳ್ಳುವುದು, ರಕ್ತಸ್ರಾವದ ಮೇಲೆ ಕಣ್ಣಿಡುವುದು, ಕಡಿಮೆಯಾದ ಜ್ವರವು ಮರುಕಳಿಸುವುದೇ ಎಂದು ಎಚ್ಚರದಿಂದಿರುವುದು, ಇವೇ ಚಿಕಿತ್ಸೆ. ಎಂದರೆ ಇಲ್ಲಿ ಚತುಷ್ಪಾದಗಳಲ್ಲಿ ದ್ರವ್ಯವೆಂಬ ಪಾದವು ದುರ್ಬಲವಾಗಿ ಉಪಸ್ಥಾತೃವಿನ ಪಾದದ ಮೇಲೆಯೇ ಭಾರವೆಲ್ಲ ಬೀಳುವುದು. ದರಕು ತರಲು ಕಾಡಿಗೆ ಹೋಗುವವರಿಗೆ ಉಣುಗಿನಿಂದ ಕಾಪಾಡುವ ಎಣ್ಣೆಯು ಸಕಾಲಕ್ಕೆ ಸಿಕ್ಕಿತೇ, ಸತ್ತ ಮಂಗದ ಸುದ್ದಿಯು ಹಳ್ಳಿಯಿಂದ ಆರೋಗ್ಯಕೇಂದ್ರಕ್ಕೆ ಮುಟ್ಟಿತೇ, ರಾತ್ರಿಯ ಪಾಳಿಯವರಿಗೆ ಹಗಲಿನವರು ಕಂಡುದನ್ನು ತಿಳಿಸಿದರೇ, ಇವು ಒಬ್ಬರ ತ್ಯಾಗದಿಂದ ಬಗೆಹರಿಯುವ ವಿಷಯಗಳಲ್ಲ. ಮಂಜಯ್ಯನ ಅರಿವೂ ಚಂದ್ರಿಯ ಧೈರ್ಯವೂ ಫಣಿಯಮ್ಮನ ಅನುರಾಗವೂ ಒಂದು ಪದವಿಯಲ್ಲಿ ಕೂಡಿಬಂದಾಗ ಮಾತ್ರ ಇವು ಸಾಧ್ಯವಾಗುವುವು.

ಆದಕಾರಣ ಈ ಎರಡು ಕೃತಿಗಳನ್ನು ಪಾಠಹೇಳುವ ಉಪಾಧ್ಯಾಯರು ಅವುಗಳನ್ನು ಜತೆಯಾಗಿ ಓದಿಸುವುದು ಪ್ರಯೋಜನಕರ. ಆಚಾರ್ಯರಲ್ಲಿ ಪದವಿಯುಂಟು, ಕೇಳುವಿಕೆಯಿಲ್ಲ. ಫಣಿಯಮ್ಮನಲ್ಲಿ ಕೇಳುವಿಕೆಯುಂಟು, ಪದವಿಯಿಲ್ಲ. ಒಂದರ ಕೊರತೆಯನ್ನು ಮತ್ತೊಂದು ಬೆಳಗುತ್ತದೆ. ಶುಶ್ರೂಷಾಧಿಕಾರಿಯೆಂಬ ಹೊಸ ಸಮಾಸವನ್ನು ಸರಕಾರಿ ಭಾಷೆಯ ಕೃತಕ ಸೃಷ್ಟಿಯೆಂದು ತಳ್ಳಿಹಾಕುವವರು ಅರ್ಥಶಾಸ್ತ್ರದ ಪಟ್ಟಿಯನ್ನು ನೆನೆಯಬೇಕು. ಅಧಿಕಾರಕ್ಕೆ ಮೊದಲ ಅರ್ಹತೆಯೇ ಶುಶ್ರೂಷೆಯಾಗಿದ್ದ ಕಾಲವೊಂದುಂಟು. ಹಾಸಿಗೆಯಲ್ಲಿರುವ ರೋಗಿಯ ನರಳಿಕೆಯನ್ನೂ, ಕಿರಿಯ ದಾದಿಯ ಸಂಶಯವನ್ನೂ, ಹಳ್ಳಿಯಿಂದ ಬಂದ ಸುದ್ದಿಯನ್ನೂ ಕೇಳಲು ಇಚ್ಛಿಸಿ, ಕೇಳಿದುದರ ಮೇಲೆ ನಿರ್ಣಯವನ್ನು ಕೈಗೊಳ್ಳಬಲ್ಲವರಲ್ಲಿ ಆ ಶಬ್ದವು ತನ್ನ ಎರಡು ಅರ್ಥಗಳನ್ನೂ ಮರಳಿ ಪಡೆಯುವುದು. ಅಂಥ ಪಾತ್ರವೊಂದು ಕನ್ನಡ ಕಾದಂಬರಿಯಲ್ಲಿ ಕೇಂದ್ರಸ್ಥಾನವನ್ನು ಪಡೆಯಲು ಮಲೆನಾಡಿನ ಇಂದಿನ ಅನುಭವವು ಸಾಕಷ್ಟು ಸಾಮಗ್ರಿಯನ್ನು ಒದಗಿಸಿಕೊಟ್ಟಿದೆ.